ಫ್ರೇಮ್ ಸೈಟನ್ನು ಸ್ಟೈಲ್‌ಶೀಟಿಗೆ ಬದಲಿಸುವುದು ಹೇಗೆ?

ಫ್ರೇಮ್‌ನಲ್ಲೇ, ಅಂದರೆ ಪರದೆಯನ್ನು ಚೌಕಗಳಾಗಿ ಭಾಗ ಮಾಡಿ ಒಂದೊಂದರಲ್ಲೂ ಬೇರೆ ಫೈಲು ತೋರಿಸುತ್ತಾ, ನಡೆಯುತ್ತಿರುವ ಸೈಟುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಮೇಲೊಂದು ಬ್ಯಾನರ್, ಎಡಕ್ಕೆ ಮೆನು, ಬಲಕ್ಕೆ ಓದುವ ಪುಟ. ಹಳೇ ಕನ್ನಡ ಸಂಘದ ಸೈಟು, ಕಾಲೇಜಿನ ಯಾವುದೋ ವಿಭಾಗದ ಪುಟ, ಯಾರೋ ಪ್ರೀತಿಯಿಂದ ಕೂಡಿಸಿಟ್ಟ ವಚನಗಳ ಸಂಗ್ರಹ, ಇಂಥವೇ ಜಾಸ್ತಿ. ಮಾಡಿದವರು ಬಿಟ್ಟು ಹೋಗಿ ಎಷ್ಟೋ ಕಾಲವಾಗಿರುತ್ತದೆ. ಈಗ ಅದು ನಿಮ್ಮ ಕೈಗೆ ಬಂದಿದೆ. "ಮೊಬೈಲಲ್ಲಿ ಸರಿಯಾಗಿ ಕಾಣ್ತಿಲ್ಲ, ಸ್ವಲ್ಪ ನೋಡಿ" ಎಂದಿದ್ದಾರೆ. ಈ ಬರಹ ನಿಮಗೆ.

ಫ್ರೇಮ್ ಹಳೆಯದು, ಸಿಎಸ್‌ಎಸ್ (ಪುಟದ ಅಂದ, ಜೋಡಣೆ ಹೇಳುವ ಸ್ಟೈಲ್‌ಶೀಟ್ ಭಾಷೆ) ಹೊಸದು, ಬದಲಿಸಿಬಿಡಿ ಅಂತ ಹೇಳೋದು ಸುಲಭ. ಹಾಗೆ ಹೊರಟವರು ಅರ್ಧ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಯಾಕೆಂದರೆ ಫ್ರೇಮ್ ಒಂದೇ ಏಟಿಗೆ ಎರಡು ಕೆಲಸ ಮಾಡುತ್ತಿತ್ತು. ಪರದೆಯನ್ನು ಭಾಗ ಮಾಡಿ ಮೆನುವನ್ನು ಅಲುಗದಂತೆ ನಿಲ್ಲಿಸುವುದು ಒಂದು. ಒಂದೇ ಮೆನು ಫೈಲನ್ನು ಎಲ್ಲಾ ಪುಟಕ್ಕೂ ಹಂಚುವುದು ಇನ್ನೊಂದು. ಸ್ಟೈಲ್‌ಶೀಟ್ ಮೊದಲನೆಯದನ್ನು ಮಾತ್ರ ಮಾಡುತ್ತದೆ. ಎರಡನೆಯದಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಇದು ತಲೆಯಲ್ಲಿದ್ದರೆ ಮುಂದಿನದ್ದು ಅಷ್ಟು ಕಷ್ಟವಲ್ಲ.

ಒಂದು ಮಾತು. ಟ್ಯಾಗ್, ಪ್ರಾಪರ್ಟಿ ಹೆಸರುಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಎಡಿಟರಿನಲ್ಲಿ ಎಂದಿನಂತೆ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಫ್ರೇಮ್ ಅಷ್ಟು ವರ್ಷ ಬಾಳಿದ್ದು ಯಾಕೆ

ಫ್ರೇಮ್ ಬಳಸಿದವರೇನು ದಡ್ಡರಲ್ಲ. 1996ರಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ 2.0 ಎಂಬ ಬ್ರೌಸರ್ ಇದನ್ನು ತಂದಿತು. ನಮ್ಮ ದೇಶದಲ್ಲಿ ಆಗ ಸರ್ಕಾರಿ ಕಂಪನಿಯಾಗಿದ್ದ ವಿಎಸ್‌ಎನ್‌ಎಲ್ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದ್ದು ಅದಕ್ಕೆ ಸ್ವಲ್ಪ ಮುಂಚೆ, 1995ರ ಆಗಸ್ಟ್ 15ರಂದು. ಡಯಲ್‌ಅಪ್ ಕಾಲ. ಒಂದು ಚಿತ್ರ ಇಳಿಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಿತ್ತು. ಬ್ಯಾನರ್, ಮೆನು ಒಮ್ಮೆ ಇಳಿದರೆ ಸಾಕು, ಆಮೇಲೆ ಬಲಗಡೆಯ ಪುಟ ಮಾತ್ರ ಬದಲಾಗುತ್ತದೆ ಎಂದರೆ ಯಾರಿಗೆ ಬೇಡ?

ಸ್ಟೈಲ್‌ಶೀಟಿನ ಯೋಚನೆ ಇನ್ನೂ ಹಳೆಯದು. ಹೋಕೊನ್ ವಿಯುಮ್ ಲೀ ಎಂಬ ತಂತ್ರಜ್ಞ 1994ರ ಅಕ್ಟೋಬರಿನಲ್ಲೇ ಅದರ ಪ್ರಸ್ತಾಪ ಇಟ್ಟಿದ್ದರು. ಮೊದಲ ಆವೃತ್ತಿ, ವೆಬ್ ಮಾನದಂಡ ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿಯ ಶಿಫಾರಸಾಗಿದ್ದು 1996ರ ಡಿಸೆಂಬರಿನಲ್ಲಿ. ಆದರೆ ಅದರಲ್ಲಿದ್ದದ್ದು ಹೆಚ್ಚಾಗಿ ಬಣ್ಣ, ಅಕ್ಷರ, ಅಂಚು. ಮೆನುವನ್ನು ಒಂದೆಡೆ ನಿಲ್ಲಿಸುವ 'ಪೊಸಿಷನ್ ಫಿಕ್ಸ್ಡ್' ಬಂದಿದ್ದು 1998ರ ಎರಡನೇ ಆವೃತ್ತಿಯಲ್ಲಿ. ಅದೂ ಬರೀ ಕಾಗದದ ಮೇಲೆ. ಎಲ್ಲರ ಕಂಪ್ಯೂಟರಿನಲ್ಲೂ ಇದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಅದು ಗೊತ್ತೇ ಇರಲಿಲ್ಲ. 2006ರಲ್ಲಿ 7ನೇ ಆವೃತ್ತಿ ಬಂದಾಗ ಕಲಿಯಿತು. ಫ್ರೇಮ್ ಅಷ್ಟು ದಿನ ಉಳಿದಿದ್ದಕ್ಕೆ ಇದೇ ದೊಡ್ಡ ಕಾರಣ ಅಂತ ನನ್ನ ಲೆಕ್ಕ.

ನಡುವೆ ಟೇಬಲ್ ಕಾಲ, ಫ್ಲೋಟ್ ಕಾಲ ಬಂದು ಹೋದವು. ಆ ಕಥೆ ಇಲ್ಲಿ ಬೇಡ. 2014ರ ಅಕ್ಟೋಬರಿನಲ್ಲಿ ಎಚ್‌ಟಿಎಂಎಲ್5 ಶಿಫಾರಸಾದಾಗ ಫ್ರೇಮ್‌ಸೆಟ್, ಫ್ರೇಮ್, ನೋಫ್ರೇಮ್ಸ್ ಮೂರನ್ನೂ ಹೊರಗಿಟ್ಟರು. 2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಗ್ರಿಡ್, ಅಂದರೆ ಪುಟವನ್ನು ಸಾಲು, ಕಾಲಮ್‌ಗಳಾಗಿ ಜೋಡಿಸುವ ಸಿಎಸ್‌ಎಸ್ ಸೌಲಭ್ಯ ಬಂತು. ಆಮೇಲೆ ಪುಟ ಭಾಗ ಮಾಡಲು ಫ್ರೇಮ್ ಬೇಕು ಎನ್ನಲು ನೆಪವೇ ಉಳಿಯಲಿಲ್ಲ. ಆದರೂ ಫ್ರೇಮ್‌ಗಳು ಎಷ್ಟು ಜಿಗುಟು ನೋಡಿ: ಜಾವಾ ಭಾಷೆಯ ಅಧಿಕೃತ ದಾಖಲೆ ತಯಾರಿಸುವ ಜಾವಾಡಾಕ್ ಫ್ರೇಮ್ ಆಯ್ಕೆಯನ್ನು ಪೂರ್ತಿ ತೆಗೆದದ್ದು 2019ರ ಜೆಡಿಕೆ 13 ಆವೃತ್ತಿಯಲ್ಲಿ.

ಬ್ರೌಸರುಗಳು ಇವತ್ತಿಗೂ ಫ್ರೇಮ್‌ಸೆಟ್ ತೋರಿಸುತ್ತವೆ. ಹಾಗಾಗಿ ನಾಳೆಯೇ ಸೈಟು ಮುಚ್ಚಿಹೋಗುತ್ತದೆ ಎಂಬ ಗಾಬರಿ ಬೇಡ. ಬದಲಿಸಬೇಕಾದ ಕಾರಣ ಬೇರೆ. ಫ್ರೇಮ್ ಸೈಟಿನಲ್ಲಿ ಯಾವ ಪುಟಕ್ಕೆ ಹೋದರೂ ಮೇಲಿನ ವಿಳಾಸ ಬದಲಾಗುವುದಿಲ್ಲ. ಗೆಳೆಯರಿಗೆ ಒಂದು ಲೇಖನದ ಕೊಂಡಿ ಕಳಿಸಿದರೆ ಅವರಿಗೆ ತೆರೆಯುವುದು ಮುಖಪುಟ. ಹುಡುಕು ಯಂತ್ರದಿಂದ ಬಂದವರ ಪಾಡು ಉಲ್ಟಾ: ಲೇಖನ ಸಿಗುತ್ತದೆ, ಮೆನು ಇಲ್ಲ, ಬ್ಯಾನರ್ ಇಲ್ಲ, ಇದು ಯಾರ ಸೈಟು ಅಂತಲೂ ಗೊತ್ತಾಗುವುದಿಲ್ಲ. ವೆಬ್ ಬಳಕೆಯ ಸುಲಭತೆಯ ತಜ್ಞ ಯಾಕೋಬ್ ನೀಲ್ಸನ್ 1996ರ ಡಿಸೆಂಬರಿನಲ್ಲೇ ಫ್ರೇಮ್‌ಗಳ ವಿರುದ್ಧ ಬರೆದು ಈ ವಿಳಾಸದ ತೊಂದರೆಯನ್ನೇ ಎತ್ತಿ ಹೇಳಿದ್ದರು. ಇನ್ನು ಫೋನಿನ ಪರದೆಯಲ್ಲಿ ಮೂರು ಚೌಕ ಹಿಡಿಸುವ ಕಥೆ ನಿಮಗೇ ಗೊತ್ತು.

ಹೆಜ್ಜೆ 1: ಫ್ರೇಮ್‌ಸೆಟ್ ಫೈಲನ್ನು ಓದಿ

ಮೊದಲು ಪೂರ್ತಿ ಸೈಟಿನ ನಕಲು ತೆಗೆದಿಡಿ. ಆಮೇಲೆ ಮುಖಪುಟದ ಸೋರ್ಸ್ ತೆರೆಯಿರಿ. ಒಂದು ಸಂಘದ ಸೈಟು ಅಂತ ಇಟ್ಟುಕೊಳ್ಳೋಣ. ಅದರಲ್ಲಿ ಬಾಡಿ ಟ್ಯಾಗೇ ಇರುವುದಿಲ್ಲ. ಬದಲಿಗೆ ಫ್ರೇಮ್‌ಸೆಟ್ ಇರುತ್ತದೆ, ಅದಕ್ಕೆ 'ರೋಸ್' ಬೆಲೆ 90 ಮತ್ತು ನಕ್ಷತ್ರ ಚಿಹ್ನೆ. ಮೇಲಿನ 90 ಪಿಕ್ಸೆಲ್ ಬ್ಯಾನರಿಗೆ, ಉಳಿದದ್ದೆಲ್ಲ ಕೆಳಗೆ ಎಂದರ್ಥ. ಕೆಳಗಿನ ಭಾಗದೊಳಗೆ ಇನ್ನೊಂದು ಫ್ರೇಮ್‌ಸೆಟ್, 'ಕಾಲ್ಸ್' ಬೆಲೆ 180 ಮತ್ತು ನಕ್ಷತ್ರ. ಎಡಕ್ಕೆ 180 ಪಿಕ್ಸೆಲ್ ಮೆನು, ಬಲಕ್ಕೆ ವಿಷಯ. ಪ್ರತಿ ಫ್ರೇಮಿಗೂ ಒಂದು ಹೆಸರು: ಬ್ಯಾನರ್, ಮೆನು, ಮೇನ್.

ಈ ಅಳತೆ, ಈ ಹೆಸರು ಎರಡನ್ನೂ ಬರೆದಿಟ್ಟುಕೊಳ್ಳಿ. ಅಳತೆ ಗ್ರಿಡ್ ಬರೆಯುವಾಗ ಬೇಕು. ಹೆಸರು ಹಳೇ ಕೊಂಡಿಗಳನ್ನು ಹುಡುಕಿ ತೆಗೆಯುವಾಗ ಬೇಕು. ಆಮೇಲೆ ಫೈಲುಗಳ ಪಟ್ಟಿ ಮಾಡಿ. ಯಾವುದು ನಿಜವಾದ ವಿಷಯದ ಪುಟ, ಯಾವುದು ಬರೀ ಚೌಕಟ್ಟು ಅಂತ ಗುರುತು ಹಾಕಿ. ಕೆಲವು ಸೈಟುಗಳಲ್ಲಿ ಒಂದಕ್ಕಿಂತ ಜಾಸ್ತಿ ಫ್ರೇಮ್‌ಸೆಟ್ ಇರುತ್ತದೆ. ಚಿತ್ರಸಂಪುಟಕ್ಕೇ ಬೇರೆ ಚೌಕಟ್ಟು, ಇಂಥದ್ದು.

ಹೆಜ್ಜೆ 2: ಅಕ್ಷರಗಳನ್ನು ಯುನಿಕೋಡ್‌ಗೆ ತನ್ನಿ

ಇಂಗ್ಲಿಷ್ ಸೈಟು ಬದಲಿಸುವವರಿಗೆ ಈ ತಲೆನೋವು ಕಡಿಮೆ. ನಮಗೆ ಇದೆ. ಆ ಕಾಲದ ಕನ್ನಡ ಪುಟಗಳು ನುಡಿ ಅಥವಾ ಬರಹ ಎಂಬ ತಂತ್ರಾಂಶದಲ್ಲಿ ಟೈಪಾಗಿ, ಫಾಂಟ್ ಟ್ಯಾಗಿನ ಬಲದ ಮೇಲೆ ಕನ್ನಡವಾಗಿ ಕಾಣುತ್ತಿದ್ದವು. ಫೈಲಿನ ಒಳಗಿರುವುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ.

ಫ್ರೇಮ್‌ನಲ್ಲಿ ಪ್ರತಿ ಚೌಕವೂ ಬೇರೆಯೇ ದಾಖಲೆ. ಮೆನು ಹಳೇ ಫಾಂಟಿನಲ್ಲಿ, ವಿಷಯ ಯುನಿಕೋಡಿನಲ್ಲಿ ಇದ್ದರೂ ಹೇಗೋ ನಡೆಯುತ್ತಿತ್ತು. ಪ್ರತಿಯೊಂದಕ್ಕೂ ತನ್ನದೇ ಕ್ಯಾರ್‌ಸೆಟ್ (ಅಕ್ಷರ ಸಂಕೇತ ಯಾವುದೆಂಬ) ಘೋಷಣೆ. ಒಂದೇ ಪುಟಕ್ಕೆ ಸೇರಿಸಿದಾಗ ಇಡೀ ಪುಟಕ್ಕೆ ಒಂದೇ ಕ್ಯಾರ್‌ಸೆಟ್. ಆದ್ದರಿಂದ ಸೇರಿಸುವ ಮೊದಲೇ ಎಲ್ಲವನ್ನೂ ಯುನಿಕೋಡಿನ ಯುಟಿಎಫ್-8ಕ್ಕೆ ತನ್ನಿ. ಹಳೇ ಫಾಂಟನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಪಠ್ಯ ಮಾತ್ರ ಕೊಡಿ, ಟ್ಯಾಗ್ ಸಮೇತ ಕೊಟ್ಟರೆ ಟ್ಯಾಗುಗಳೂ ಕನ್ನಡವಾಗಿ ಕೂರುತ್ತವೆ.

ಬದಲಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ: ಕಾರ್ಯ, ವರ್ಷ, ಸೂರ್ಯ. ಹಳೇ ಫಾಂಟುಗಳಲ್ಲಿ ಅರ್ಕಾವೊತ್ತನ್ನು ಅಕ್ಷರದ ನಂತರ ಇಡುತ್ತಿದ್ದರು, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯುನಿಕೋಡಿನಲ್ಲಿ ರ್ ಮೊದಲು ಬರಬೇಕು. ಪರಿವರ್ತಕ ಎಡವುವುದಿದ್ದರೆ ಇಲ್ಲೇ ಜಾಸ್ತಿ.

ಹೆಜ್ಜೆ 3: ಒಂದೇ ಒಂದು ಪುಟವನ್ನು ಪೂರ್ತಿ ಮಾಡಿ

ಎಲ್ಲಾ ಪುಟಕ್ಕೂ ಒಟ್ಟಿಗೆ ಕೈಹಾಕಬೇಡಿ. ಉದ್ದನೆಯ ಲೇಖನವಿರುವ ಒಂದು ಪುಟ ಆರಿಸಿ. ಮೊದಲ ಸಾಲಿನಲ್ಲಿ ಎಚ್‌ಟಿಎಂಎಲ್5ರ ಚಿಕ್ಕ ಡಾಕ್‌ಟೈಪ್ ಹಾಕಿ. ಅದಿಲ್ಲದಿದ್ದರೆ ಬ್ರೌಸರು ಹಳೇ ಕಾಲದ ಕ್ವರ್ಕ್ಸ್ ಮೋಡ್‌ಗೆ ಹೋಗುತ್ತದೆ, ಅಳತೆಗಳು ಲೆಕ್ಕ ತಪ್ಪುತ್ತವೆ. ಎಚ್‌ಟಿಎಂಎಲ್ ಟ್ಯಾಗಿಗೆ ಭಾಷೆ 'ಕೆಎನ್' ಎಂದು ಕೊಡಿ. ಹೆಡ್‌ನಲ್ಲಿ ಕ್ಯಾರ್‌ಸೆಟ್ ಯುಟಿಎಫ್-8, ಜೊತೆಗೆ ವ್ಯೂಪೋರ್ಟ್ ಮೆಟಾ ಟ್ಯಾಗ್. ವ್ಯೂಪೋರ್ಟ್ ಮರೆತರೆ ಐಫೋನಿನ ಸಫಾರಿ ಪುಟ 980 ಪಿಕ್ಸೆಲ್ ಅಗಲವಿದೆ ಎಂದುಕೊಂಡು ಎಲ್ಲವನ್ನೂ ಇರುವೆಯಷ್ಟು ಚಿಕ್ಕದಾಗಿ ತೋರಿಸುತ್ತದೆ.

ಬಾಡಿಯೊಳಗೆ ಕ್ರಮವಾಗಿ ಹೆಡರ್, ನ್ಯಾವ್, ಮೇನ್, ಫೂಟರ್. ಬ್ಯಾನರ್ ಫೈಲಿನ ಒಳಗಿದ್ದದ್ದು ಹೆಡರಿಗೆ, ಮೆನು ಫೈಲಿನದ್ದು ನ್ಯಾವ್‌ಗೆ, ವಿಷಯ ಮೇನ್‌ಗೆ. ಒಳಗಿನ ಭಾಗ ಮಾತ್ರ ತನ್ನಿ. ಅವುಗಳ ಹೆಡ್, ಬಾಡಿ ಟ್ಯಾಗುಗಳನ್ನು ಬಿಟ್ಟುಬಿಡಿ.

ಈಗ ಟೈಟಲ್ ನೋಡಿ. ಫ್ರೇಮ್ ಸೈಟಿನಲ್ಲಿ ಬ್ರೌಸರಿನ ಮೇಲೆ ಕಾಣುತ್ತಿದ್ದದ್ದು ಫ್ರೇಮ್‌ಸೆಟ್ ಫೈಲಿನ ಟೈಟಲ್ ಮಾತ್ರ. ಒಳಗಿನ ಪುಟಗಳ ಟೈಟಲ್ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅದಕ್ಕೇ ಅಂಥ ಸೈಟುಗಳಲ್ಲಿ ಎಷ್ಟೋ ಪುಟಗಳ ಟೈಟಲ್ ಇವತ್ತಿಗೂ "ನ್ಯೂ ಪೇಜ್ 1" ಅಥವಾ "ಅನ್‌ಟೈಟಲ್ಡ್ ಡಾಕ್ಯುಮೆಂಟ್". ಫ್ರಂಟ್‌ಪೇಜ್, ಡ್ರೀಮ್‌ವೀವರ್ ತಾವಾಗಿಯೇ ಇಟ್ಟ ಹೆಸರುಗಳು ಇವು. ಈಗ ಪ್ರತಿ ಪುಟಕ್ಕೂ ತನ್ನದೇ ಟೈಟಲ್ ಬರೆಯಬೇಕು. ಬೇಜಾರಿನ ಕೆಲಸವೇ, ಆದರೆ ಹುಡುಕಾಟದಲ್ಲಿ ಸೈಟು ಸಿಗುವುದು ಇದರಿಂದಲೇ.

ಹೆಜ್ಜೆ 4: ಗ್ರಿಡ್ ಬರೆಯಿರಿ

ಚಿಕ್ಕ ಪರದೆಯಿಂದ ಶುರು ಮಾಡಿ. ಏನೂ ಬರೆಯದಿದ್ದರೆ ಹೆಡರ್, ನ್ಯಾವ್, ಮೇನ್ ಒಂದರ ಕೆಳಗೊಂದು ಕೂರುತ್ತವೆ. ಫೋನಿಗೆ ಅಷ್ಟೇ ಸಾಕು. ಅಗಲ ಪರದೆಗೆ ಒಂದು ಮೀಡಿಯಾ ಕ್ವೆರಿ ಬರೆಯಿರಿ: ಕನಿಷ್ಠ ಅಗಲ 48 ರೆಮ್ (ರೆಮ್ ಅಂದರೆ ಮೂಲ ಅಕ್ಷರದ ಗಾತ್ರ) ಇದ್ದಾಗ ಬಾಡಿಗೆ 'ಡಿಸ್‌ಪ್ಲೇ ಗ್ರಿಡ್'. ಕಾಲಮ್ ಎರಡು. ಮೊದಲನೆಯದು 13 ರೆಮ್, ಎರಡನೆಯದಕ್ಕೆ 'ಮಿನ್‌ಮ್ಯಾಕ್ಸ್' ಒಳಗೆ ಸೊನ್ನೆ ಮತ್ತು 1 ಎಫ್‌ಆರ್ (ಉಳಿದ ಜಾಗದ ಒಂದು ಪಾಲು). ಹೆಡರ್ ಮತ್ತು ಫೂಟರ್ ಎರಡೂ ಕಾಲಮ್ ದಾಟಿ ಹರಡುವಂತೆ 'ಗ್ರಿಡ್ ಕಾಲಮ್' ಬೆಲೆ 1ರಿಂದ ಮೈನಸ್ 1.

ಹಳೇ 180 ಪಿಕ್ಸೆಲ್ ಬಿಟ್ಟು 13 ರೆಮ್ ಯಾಕೆ? ಓದುಗರು ಅಕ್ಷರ ದೊಡ್ಡದು ಮಾಡಿಕೊಂಡರೆ ರೆಮ್ ಜೊತೆಗೇ ಬೆಳೆಯುತ್ತದೆ. ಮತ್ತೆ, ಕನ್ನಡ ಪದಗಳು ಉದ್ದ. "ಪದಾಧಿಕಾರಿಗಳು", "ಕಾರ್ಯಕ್ರಮಗಳು" ಇಂಥವು 180 ಪಿಕ್ಸೆಲ್‌ನಲ್ಲಿ ಒದ್ದಾಡುತ್ತವೆ. ಎರಡನೇ ಕಾಲಮಿಗೆ ಬರೀ 1 ಎಫ್‌ಆರ್ ಬರೆದರೆ ಅಗಲದ ಚಿತ್ರವೋ ಹಳೇ ಟೇಬಲ್ಲೋ ಬಂದಾಗ ಕಾಲಮ್ ಹಿಗ್ಗಿ, ಪುಟವೇ ಅಡ್ಡಕ್ಕೆ ಜಾರತೊಡಗುತ್ತದೆ. ಮಿನ್‌ಮ್ಯಾಕ್ಸ್‌ನ ಆ ಸೊನ್ನೆ ಕಾಲಮ್ ಹಿಗ್ಗುವುದನ್ನು ತಡೆಯುತ್ತದೆ. ಚಿತ್ರಗಳಿಗೆ ಗರಿಷ್ಠ ಅಗಲ 100 ಪರ್ಸೆಂಟ್ ಕೊಡಿ. ಉದ್ದ ಪದಗಳಿಗೆ 'ಓವರ್‌ಫ್ಲೋ ರ್‍ಯಾಪ್' ಬೆಲೆ 'ಬ್ರೇಕ್ ವರ್ಡ್'.

ಈಗ ಮೆನು ನಿಲ್ಲಿಸುವ ಕೆಲಸ. ನ್ಯಾವ್‌ಗೆ 'ಪೊಸಿಷನ್ ಸ್ಟಿಕಿ', 'ಟಾಪ್' ಸೊನ್ನೆ. ಇಷ್ಟು ಬರೆದು ಸೇವ್ ಮಾಡಿದರೆ ಮೆನು ಅಂಟಿಕೊಳ್ಳುವುದೇ ಇಲ್ಲ. ಸುಮ್ನೆ ಪುಟದ ಜೊತೆ ಮೇಲೆ ಹೋಗುತ್ತದೆ. ಎಲ್ಲರೂ ತಲೆ ಕೆರೆದುಕೊಳ್ಳುವ ಜಾಗ ಇದು. ಗ್ರಿಡ್‌ನಲ್ಲಿ ಪ್ರತಿ ಪೆಟ್ಟಿಗೆಯೂ ತಾನಾಗಿಯೇ ಸಾಲಿನ ಪೂರ್ತಿ ಎತ್ತರಕ್ಕೆ ಹಿಗ್ಗುತ್ತದೆ. ಲೇಖನ ಎಷ್ಟು ಉದ್ದವೋ ನ್ಯಾವ್ ಕೂಡ ಅಷ್ಟೇ ಉದ್ದ. ಮೇಲಿನಿಂದ ಕೆಳಗಿನವರೆಗೂ ಜಾಗ ತುಂಬಿರುವಾಗ ಅದು ಎಲ್ಲಿಗೆ ಸರಿಯಬೇಕು? 'ಅಲೈನ್ ಸೆಲ್ಫ್' ಬೆಲೆ 'ಸ್ಟಾರ್ಟ್' ಎಂದು ಬರೆಯಿರಿ. ನ್ಯಾವ್ ತನ್ನ ಒಳಗಿರುವ ಕೊಂಡಿಗಳಷ್ಟೇ ಎತ್ತರಕ್ಕೆ ಕುಗ್ಗುತ್ತದೆ, ಸ್ಟಿಕಿ ಕೆಲಸ ಮಾಡುತ್ತದೆ. ಆಗಲೂ ಆಗದಿದ್ದರೆ ಮೇಲಿನ ಯಾವುದೋ ಪೆಟ್ಟಿಗೆಗೆ 'ಓವರ್‌ಫ್ಲೋ ಹಿಡನ್' ಇದೆಯಾ ನೋಡಿ, ಅದೂ ಸ್ಟಿಕಿಯನ್ನು ಕೊಲ್ಲುತ್ತದೆ. ಮೆನು ಪರದೆಗಿಂತ ಉದ್ದವಿದ್ದರೆ ಗರಿಷ್ಠ ಎತ್ತರ 100 ವಿಎಚ್ (ಪರದೆಯ ಪೂರ್ತಿ ಎತ್ತರ), 'ಓವರ್‌ಫ್ಲೋ ವೈ' ಬೆಲೆ 'ಆಟೊ'. ಹಳೇ ಫ್ರೇಮ್‌ನ ಹಾಗೆಯೇ ಮೆನು ತನ್ನಷ್ಟಕ್ಕೆ ಸ್ಕ್ರೋಲ್ ಆಗುತ್ತದೆ.

ಬ್ಯಾನರನ್ನೂ ನಿಲ್ಲಿಸಬೇಕಾ? ಬೇಡ ಅಂತಲೇ ನಾನು ಹೇಳುವುದು. ಸಂಘದ ಲೋಗೋ ನೋಡುತ್ತಾ ಯಾರೂ ಲೇಖನ ಓದುವುದಿಲ್ಲ. ಕಮಿಟಿಯವರು ಹಟ ಹಿಡಿದರೆ ಅಗಲ ಪರದೆಯಲ್ಲಿ ಮಾತ್ರ ನಿಲ್ಲಿಸಿ. ಎಚ್‌ಟಿಎಂಎಲ್ ಟ್ಯಾಗಿಗೆ ಬ್ಯಾನರಿನ ಎತ್ತರದಷ್ಟು 'ಸ್ಕ್ರೋಲ್ ಪ್ಯಾಡಿಂಗ್ ಟಾಪ್' ಕೊಡಿ. ಇಲ್ಲದಿದ್ದರೆ ಪುಟದೊಳಗಿನ ಕೊಂಡಿ ಒತ್ತಿದಾಗ ಶೀರ್ಷಿಕೆ ಬ್ಯಾನರಿನ ಕೆಳಗೆ ಅಡಗಿಕೊಳ್ಳುತ್ತದೆ. ಬ್ಯಾನರ್ ನಿಲ್ಲಿಸಿದಾಗ ಮೆನುವಿನ 'ಟಾಪ್' ಬೆಲೆಯನ್ನೂ ಅಷ್ಟೇ ಕೆಳಗಿಳಿಸಬೇಕು.

ಅಕ್ಷರದ ವಿಷಯ. ಹಳೇ ಮೆನುಗಳಲ್ಲಿ ಪ್ರತಿ ಕೊಂಡಿಗೂ 20 ಪಿಕ್ಸೆಲ್ ಎತ್ತರ ಅಂತ ಕಟ್ಟಿ ಇಟ್ಟಿರುತ್ತಾರೆ. ಇಂಗ್ಲಿಷಿಗೆ ಸರಿ. "ರಾಷ್ಟ್ರೀಯ" ಎಂಬ ಪದ ಹಾಕಿ ನೋಡಿ. ಷ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು. ಕೆಳಗಿನ ತುದಿ ಕತ್ತರಿಸಿಹೋಗುತ್ತದೆ. ಕನ್ನಡಕ್ಕೆ ಎತ್ತರ ಕಟ್ಟಬೇಡಿ. 'ಲೈನ್ ಹೈಟ್' 1.6ರಿಂದ 1.8ರ ಒಳಗೆ ಇಟ್ಟು, ಪ್ಯಾಡಿಂಗ್‌ನಿಂದ ಜಾಗ ಮಾಡಿ.

ಹೆಜ್ಜೆ 5: ಮೂರು ಫೈಲಿನ ಬಣ್ಣಗಳನ್ನು ಬೇರೆ ಮಾಡಿ

ಫ್ರೇಮ್‌ನಲ್ಲಿ ಮೆನುವಿನ ಸ್ಟೈಲ್ ಮೆನುವಿಗೆ, ವಿಷಯದ್ದು ವಿಷಯಕ್ಕೆ. ಒಂದೇ ಪುಟಕ್ಕೆ ಬಂದಾಗ ಎಲ್ಲಾ ಬೆರೆಯುತ್ತವೆ. ಮೆನು ಕಡುನೀಲಿ, ಅದರ ಕೊಂಡಿಗಳು ಬಿಳಿ ಅಂತಿಟ್ಟುಕೊಳ್ಳಿ. ಎಲ್ಲಾ 'ಎ' ಟ್ಯಾಗಿಗೂ ಬಿಳಿ ಎಂಬ ನಿಯಮ ಹಾಗೇ ಬಂದರೆ ಲೇಖನದೊಳಗಿನ ಕೊಂಡಿಗಳು ಬಿಳಿ ಹಿನ್ನೆಲೆಯಲ್ಲಿ ಮಾಯ. ಪ್ರತಿ ನಿಯಮದ ಮುಂದೆ ನ್ಯಾವ್, ಹೆಡರ್, ಮೇನ್ ಎಂದು ಸೇರಿಸಿ. ಬಾಡಿ ಟ್ಯಾಗಿನಲ್ಲೇ ಬರೆದಿದ್ದ ಬಿಜಿಕಲರ್, ಲಿಂಕ್, ವಿಲಿಂಕ್ ಬಣ್ಣಗಳನ್ನೂ ಹುಡುಕಿ ಸ್ಟೈಲ್‌ಶೀಟಿಗೆ ತನ್ನಿ.

ಹೆಜ್ಜೆ 6: ಮೆನುವನ್ನು ಹಂಚುವ ವ್ಯವಸ್ಥೆ

ಸ್ಟೈಲ್‌ಶೀಟ್ ಕೈಬಿಡುವುದು ಇಲ್ಲಿ. ಒಂದು ಪುಟ ಚೆನ್ನಾಗಿ ಬಂತು. ಉಳಿದ 40 ಪುಟಕ್ಕೂ ಅದೇ ಮೆನು ಕಾಪಿ ಮಾಡಿ ಅಂಟಿಸಿದರೆ, ನಾಳೆ ಅಧ್ಯಕ್ಷರು "ದೇಣಿಗೆ ಅಂತ ಒಂದು ಕೊಂಡಿ ಹಾಕಿ" ಎಂದಾಗ 41 ಫೈಲು ತಿದ್ದಬೇಕು. ಫ್ರೇಮ್‌ನಲ್ಲಿ ಒಂದೇ ಫೈಲು ಸಾಕಾಗುತ್ತಿತ್ತು, ಅಲ್ವಾ?

ಸರ್ವರಿನಲ್ಲಿ ಪಿಎಚ್‌ಪಿ (ಸರ್ವರಿನಲ್ಲೇ ಪುಟ ತಯಾರಿಸುವ ಭಾಷೆ) ಇದ್ದರೆ ಮೆನುವನ್ನು ಬೇರೆ ಫೈಲಿನಲ್ಲಿಟ್ಟು ಪ್ರತಿ ಪುಟದಲ್ಲೂ ಒಂದು 'ಇನ್‌ಕ್ಲೂಡ್' ಸಾಲು ಹಾಕಿ. ಕಡಿಮೆ ದರದ ಹೋಸ್ಟಿಂಗ್‌ನಲ್ಲೂ ಇದು ಸಾಮಾನ್ಯವಾಗಿ ಸಿಗುತ್ತದೆ. ಪಿಎಚ್‌ಪಿ ಬೇಡ ಎಂದರೆ ಅಪಾಚೆಯ ಸರ್ವರ್ ಸೈಡ್ ಇನ್‌ಕ್ಲೂಡ್ ಇದೆ. ಅದು ತುಂಬಾ ಹಳೆಯದು, ಆದರೂ ಗಟ್ಟಿ. ಆಗಾಗ ಪುಟ ಸೇರಿಸುವ ಸೈಟಾದರೆ ಹ್ಯೂಗೊ, ಜೆಕಿಲ್, ಇಲೆವೆಂಟಿಯಂಥ ಸ್ಟ್ಯಾಟಿಕ್ ಜನರೇಟರ್ ಕಲಿಯುವುದು ಲಾಭ. ಟೆಂಪ್ಲೇಟ್ ಒಂದು ಬರೆದರೆ ಪುಟಗಳೆಲ್ಲ ತಾವಾಗಿ ತಯಾರಾಗುತ್ತವೆ. ವರ್ಷಕ್ಕೊಮ್ಮೆ ಬದಲಾಗುವ ಹತ್ತು ಪುಟದ ಸೈಟಿಗೆ ಇದ್ಯಾವುದೂ ಬೇಡ. ಎಡಿಟರಿನ ಹುಡುಕಿ ಬದಲಿಸುವ ಸೌಲಭ್ಯವೇ ಸಾಕು. ಜಾವಾಸ್ಕ್ರಿಪ್ಟಿನಿಂದ ಮೆನು ತಂದು ತುಂಬಿಸುವುದು ಮಾತ್ರ ನನಗೆ ಇಷ್ಟವಿಲ್ಲ. ನೆಟ್‌ವರ್ಕ್ ನಿಧಾನವಿದ್ದಾಗ ಮೆನು ತಡವಾಗಿ ಬಂದು ಓದುತ್ತಿದ್ದ ಸಾಲನ್ನು ಕೆಳಗೆ ತಳ್ಳುತ್ತದೆ.

ಯಾವ ದಾರಿ ಹಿಡಿದರೂ ಒಂದು ಹಳ್ಳ ಇದೆ. ಹಳೇ ಮೆನುವಿನಲ್ಲಿ ಸಂಪರ್ಕ ಪುಟದ ಕೊಂಡಿ ಬರೀ ಫೈಲಿನ ಹೆಸರಾಗಿರುತ್ತದೆ. ಫ್ರೇಮ್‌ನಲ್ಲಿ ಬ್ರೌಸರು ಆ ಕೊಂಡಿಯನ್ನು ಮೆನು ಫೈಲು ಇರುವ ಜಾಗದಿಂದ ಲೆಕ್ಕ ಹಾಕುತ್ತಿತ್ತು. ಹಾಗಾಗಿ ಎಲ್ಲಿಂದ ಒತ್ತಿದರೂ ಸರಿಯಾಗಿತ್ತು. ಈಗ ಮೆನು ಪುಟದ ಒಳಗೇ ಇದೆ. 2003 ಎಂಬ ಫೋಲ್ಡರಿನೊಳಗಿನ ವರದಿ ಪುಟದಲ್ಲಿ ಅದೇ ಕೊಂಡಿ ಒತ್ತಿದರೆ ಬ್ರೌಸರು 2003ರ ಒಳಗೇ ಸಂಪರ್ಕ ಪುಟ ಹುಡುಕುತ್ತದೆ, 404, ಅಂದರೆ ಪುಟ ಸಿಗಲಿಲ್ಲ ಎಂಬ ಸಂದೇಶ ಬರುತ್ತದೆ. ಮುಖಪುಟದಿಂದ ಪರೀಕ್ಷೆ ಮಾಡಿದರೆ ಇದು ಗೊತ್ತೇ ಆಗುವುದಿಲ್ಲ. ಮೆನು, ಬ್ಯಾನರ್ ಚಿತ್ರ, ಸ್ಟೈಲ್‌ಶೀಟ್, ಎಲ್ಲದರ ವಿಳಾಸವೂ ಓರೆಗೆರೆಯಿಂದ (/) ಶುರುವಾಗಲಿ.

ಈಗ ಒಂದು ಹೊಸ ಲಾಭವನ್ನೂ ತೆಗೆದುಕೊಳ್ಳಿ. ಫ್ರೇಮ್ ಮೆನುವಿಗೆ ಓದುಗ ಯಾವ ಪುಟದಲ್ಲಿದ್ದಾನೆ ಅಂತ ತಾನಾಗಿ ಗೊತ್ತಾಗುತ್ತಿರಲಿಲ್ಲ. ಈಗ ಆ ಪುಟದ ಕೊಂಡಿಗೆ 'ಆರಿಯಾ ಕರೆಂಟ್' ಬೆಲೆ 'ಪೇಜ್' ಎಂದು ಕೊಟ್ಟು, ಸ್ಟೈಲ್‌ಶೀಟಿನಲ್ಲಿ ಅದನ್ನು ದಪ್ಪ ಮಾಡಿ. ಸ್ಕ್ರೀನ್ ರೀಡರ್ ಬಳಸುವವರಿಗೂ ಅದು ಕೇಳಿಸುತ್ತದೆ.

ಹೆಜ್ಜೆ 7: ಉಳಿದ ಫ್ರೇಮ್ ಕಸ ತೆಗೆಯಿರಿ

ಎಲ್ಲಾ ಫೈಲುಗಳಲ್ಲಿ 'ಟಾರ್ಗೆಟ್' ಎಂಬ ಪದ ಹುಡುಕಿ. ಹಳೇ ಕೊಂಡಿಗಳಲ್ಲಿ ಟಾರ್ಗೆಟ್ ಬೆಲೆ 'ಮೇನ್' ಎಂದಿರುತ್ತದೆ. ಆ ಹೆಸರಿನ ಫ್ರೇಮ್ ಈಗ ಇಲ್ಲ. ಬ್ರೌಸರು ತಪ್ಪು ಅಂತ ಹೇಳುವುದಿಲ್ಲ. ಸದ್ದಿಲ್ಲದೆ ಹೊಸ ಟ್ಯಾಬ್ ತೆರೆದು ಅದಕ್ಕೆ 'ಮೇನ್' ಎಂದು ಹೆಸರಿಡುತ್ತದೆ. ಓದುಗ ಹಳೇ ಟ್ಯಾಬಿಗೆ ವಾಪಸ್ ಬಂದು ಇನ್ನೊಂದು ಕೊಂಡಿ ಒತ್ತಿದರೆ ಅದೂ ಆ ಟ್ಯಾಬಿನಲ್ಲೇ ತೆರೆಯುತ್ತದೆ. "ಒತ್ತಿದ್ರೂ ಏನೂ ಆಗ್ತಿಲ್ಲ" ಎಂಬ ದೂರು ಬಂದರೆ ಇದನ್ನೇ ಮೊದಲು ನೋಡಿ. ಹೆಡ್‌ನಲ್ಲಿ 'ಬೇಸ್ ಟಾರ್ಗೆಟ್' ಇದ್ದರೆ ಅದನ್ನೂ ತೆಗೆಯಿರಿ. ಆ ಒಂದೇ ಸಾಲು ಪುಟದ ಎಲ್ಲಾ ಕೊಂಡಿಗೂ ಅನ್ವಯಿಸುತ್ತದೆ.

ಸ್ಕ್ರಿಪ್ಟುಗಳನ್ನೂ ನೋಡಿ. ಕೆಲವರು ಒಂಟಿಯಾಗಿ ತೆರೆದ ಪುಟವನ್ನು ಫ್ರೇಮ್‌ಸೆಟ್‌ಗೆ ಎಳೆದು ತರಲು ಒಂದು ಸಾಲು ಬರೆದಿರುತ್ತಿದ್ದರು: 'ಟಾಪ್' ಮತ್ತು 'ಸೆಲ್ಫ್' ಒಂದೇ ಆಗಿದ್ದರೆ ಮುಖಪುಟಕ್ಕೆ ಕಳಿಸು ಅಂತ. ಆ ಸಾಲು ಉಳಿದರೆ ನಿಮ್ಮ ಹೊಸ ಪುಟ ತೆರೆದ ಕ್ಷಣವೇ ಮುಖಪುಟಕ್ಕೆ ಹಾರುತ್ತದೆ. 'ಪೇರೆಂಟ್' ಎಂದು ಶುರುವಾಗುವ ಸಾಲುಗಳೂ ಹೋಗಬೇಕು. ನೋಫ್ರೇಮ್ಸ್ ಒಳಗಿನ "ನಿಮ್ಮ ಬ್ರೌಸರ್ ಫ್ರೇಮ್ ತೋರಿಸುವುದಿಲ್ಲ" ಎಂಬ ವಾಕ್ಯಕ್ಕೂ ವಿದಾಯ ಹೇಳಿ.

ಹೆಜ್ಜೆ 8: ಹಳೇ ವಿಳಾಸಗಳನ್ನು ಉಳಿಸಿ

ವಿಷಯದ ಪುಟಗಳ ಫೈಲ್ ಹೆಸರು ಬದಲಿಸಬೇಡಿ. ಹುಡುಕು ಯಂತ್ರಗಳಿಗೆ, ಬೇರೆ ಸೈಟಿನವರಿಗೆ ಆ ವಿಳಾಸಗಳೇ ಗೊತ್ತು. ಪಿಎಚ್‌ಪಿಗೆ ಹೋಗುವಾಗ ಹೆಸರಿನ ಬಾಲ ಬದಲಾಗಲೇಬೇಕಾದರೆ ಹಳೆಯದರಿಂದ ಹೊಸದಕ್ಕೆ 301 ರೀಡೈರೆಕ್ಟ್ (ಕಾಯಂ ಆಗಿ ತಿರುಗಿಸುವ ಸೂಚನೆ) ಹಾಕಿ. ಹಳೇ ಮೆನು ಫೈಲು, ಬ್ಯಾನರ್ ಫೈಲುಗಳನ್ನು ಮುಖಪುಟಕ್ಕೆ ತಿರುಗಿಸಿ. ಅವನ್ನು ಒಂಟಿಯಾಗಿ ಹುಡುಕು ಯಂತ್ರ ಹಿಡಿದಿಟ್ಟುಕೊಂಡಿರುವುದುಂಟು.

ಐಫ್ರೇಮ್ ಬೇರೆ ಜಾತಿ

ಫ್ರೇಮ್ ಬಿಡಿ ಅಂದ ಕೂಡಲೇ ಐಫ್ರೇಮ್ ಕೂಡ ಬಿಡಬೇಕು ಅಂತ ಅಲ್ಲ. ಯೂಟ್ಯೂಬ್ ವಿಡಿಯೊ, ನಕಾಶೆ, ಹಣ ಕಟ್ಟುವ ಫಾರ್ಮ್, ಅಂದರೆ ಬೇರೆ ಸೈಟಿನ ವಸ್ತು ನಿಮ್ಮ ಪುಟದೊಳಗೆ ಕೂರಬೇಕಾದಾಗ ಐಫ್ರೇಮ್ ಸರಿಯಾದ ಆಯ್ಕೆ. ಅದಕ್ಕೊಂದು ಟೈಟಲ್ ಕೊಡಿ. ಪುಟದ ಕೆಳಗಿದ್ದರೆ 'ಲೋಡಿಂಗ್' ಬೆಲೆ 'ಲೇಜಿ' ಎಂದು ಬರೆಯಿರಿ, ಅಲ್ಲಿಗೆ ಬರುವವರೆಗೆ ಡೇಟಾ ಖರ್ಚಾಗುವುದಿಲ್ಲ. ನಿಮ್ಮದೇ ಮೆನುವನ್ನು ಐಫ್ರೇಮ್‌ನಲ್ಲಿ ತೂರಿಸಿದರೆ ಮಾತ್ರ ಬಿಟ್ಟ ತೊಂದರೆಗಳಲ್ಲಿ ಅರ್ಧ ವಾಪಸ್ ಬಂದ ಹಾಗೆ.

ಬೇರೆಯವರ ಲೇಖನವನ್ನು ನಿಮ್ಮ ಚೌಕಟ್ಟಿನೊಳಗೆ ತೋರಿಸುವುದಂತೂ ಬೇಡವೇ ಬೇಡ. ಅಮೆರಿಕದಲ್ಲಿ ಟೋಟಲ್‌ನ್ಯೂಸ್ ಎಂಬ ಸೈಟು ಪತ್ರಿಕೆಗಳ ಪುಟಗಳನ್ನು ತನ್ನ ಜಾಹೀರಾತಿನ ಫ್ರೇಮ್‌ಗಳ ನಡುವೆ ತೋರಿಸುತ್ತಿತ್ತು. 1997ರಲ್ಲಿ ವಾಷಿಂಗ್ಟನ್ ಪೋಸ್ಟ್, ಸಿಎನ್‌ಎನ್ ಸೇರಿ ಹಲವು ಸಂಸ್ಥೆಗಳು ಕೋರ್ಟಿಗೆ ಎಳೆದವು. ಅದೇ ವರ್ಷ ರಾಜಿಯಾಗಿ, ಫ್ರೇಮ್ ಬಿಟ್ಟು ಬರೀ ಕೊಂಡಿ ಕೊಡಲು ಟೋಟಲ್‌ನ್ಯೂಸ್ ಒಪ್ಪಿತು. ನಿಮ್ಮ ಸೈಟನ್ನು ಯಾರೂ ಹೀಗೆ ಒಳಗಿಟ್ಟು ತೋರಿಸಬಾರದು ಎಂದರೆ ಸರ್ವರಿನಿಂದ ಕಂಟೆಂಟ್ ಸೆಕ್ಯುರಿಟಿ ಪಾಲಿಸಿಯ (ಪುಟದ ಜೊತೆ ಬ್ರೌಸರಿಗೆ ಹೋಗುವ ಭದ್ರತಾ ನಿಯಮಗಳು) 'ಫ್ರೇಮ್ ಆನ್‌ಸೆಸ್ಟರ್ಸ್' ನಿಯಮ ಕಳಿಸಿ.

ಹೆಜ್ಜೆ 9: ಪರೀಕ್ಷೆ

ಒಳಗಿನ ಪುಟವೊಂದನ್ನು ತೆರೆದು ಅದರ ಕೊಂಡಿಯನ್ನು ನಿಮಗೇ ವಾಟ್ಸ್ಆ್ಯಪ್ ಮಾಡಿಕೊಳ್ಳಿ. ಫೋನಿನಲ್ಲಿ ಒತ್ತಿ. ಅದೇ ಪುಟ, ಮೆನು ಸಮೇತ ಬರಬೇಕು. ರೀಫ್ರೆಶ್ ಮಾಡಿ, ಹಿಂದೆ ಹೋಗಿ, ಮುಂದೆ ಬನ್ನಿ. ಕಂಪ್ಯೂಟರಿನಲ್ಲಿ ಝೂಮ್ 200 ಪರ್ಸೆಂಟ್ ಮಾಡಿ ನೋಡಿ. ಮೌಸ್ ಬಿಟ್ಟು ಬರೀ ಟ್ಯಾಬ್ ಕೀಲಿ ಒತ್ತುತ್ತಾ ಹೋಗಿ. ಲೇಖನ ತಲುಪುವ ಮೊದಲು ಇಡೀ ಮೆನು ದಾಟಬೇಕಾದರೆ ಪುಟದ ಮೊದಲಲ್ಲಿ "ನೇರ ಲೇಖನಕ್ಕೆ" ಎಂಬ ಕೊಂಡಿ ಹಾಕಿ. ಪ್ರಿಂಟ್ ಪ್ರಿವ್ಯೂ ಕೂಡ ತೆರೆಯಿರಿ. ಪ್ರಿಂಟಿಗೆ ಬೇರೆ ಮೀಡಿಯಾ ನಿಯಮ ಬರೆದು ನ್ಯಾವ್ ಅಡಗಿಸಿ, ಗ್ರಿಡ್ ತೆಗೆದರೆ ಹಾಳೆಯ ಮೇಲೆ ಲೇಖನ ಮಾತ್ರ ಬರುತ್ತದೆ.

ಫೋನಿನಲ್ಲಿ ಮೆನುವೇ ಮೊದಲ ಪರದೆ ತುಂಬಿಕೊಂಡಿದೆಯಾ? ಅದನ್ನು 'ಡೀಟೇಲ್ಸ್' ಟ್ಯಾಗಿನೊಳಗಿಟ್ಟು "ಮೆನು" ಎಂಬ 'ಸಮರಿ' ಕೊಡಿ, ಒತ್ತಿದಾಗ ಬಿಚ್ಚಿಕೊಳ್ಳುತ್ತದೆ, ಸ್ಕ್ರಿಪ್ಟ್ ಬೇಡ. ಆದರೆ ಕಂಪ್ಯೂಟರಿನಲ್ಲೂ ಅದು ಮುಚ್ಚಿಯೇ ಇರುತ್ತದೆ, ಒಮ್ಮೆ ಒತ್ತಬೇಕಾಗುತ್ತದೆ. ಅದು ಇಷ್ಟವಾಗದಿದ್ದರೆ ಕೊಂಡಿಗಳನ್ನು ಏಳೆಂಟಕ್ಕೆ ಇಳಿಸಿ, 'ಫ್ಲೆಕ್ಸ್ ರ್‍ಯಾಪ್' ಹಾಕಿ ಎರಡು ಸಾಲಿನಲ್ಲಿ ಕೂರಿಸಿ. ಹಳೇ ಸೈಟುಗಳ ಮೆನುವಿನಲ್ಲಿ ಅರ್ಧ ಕೊಂಡಿಗಳು ಎಂದೋ ಮುಗಿದ ಕಾರ್ಯಕ್ರಮಗಳದ್ದೇ ಇರುತ್ತವೆ.

ಎಲ್ಲಾ ಸರಿ ಎನಿಸಿದ ಮೇಲೆ ಸರ್ವರಿಗೆ ಹಾಕಿ. ಹಳೇ ಫ್ರೇಮ್‌ಸೆಟ್ ಇದ್ದ ಹೆಸರಿನಲ್ಲೇ ಹೊಸ ಮುಖಪುಟ ಇರಲಿ. ಒಂದೆರಡು ತಿಂಗಳು ಸರ್ವರ್ ಲಾಗ್‌ನಲ್ಲಿ 404 ಸಾಲುಗಳನ್ನು ಆಗಾಗ ನೋಡುತ್ತಿರಿ. ಪದೇ ಪದೇ ಬರುವ ವಿಳಾಸಗಳಿಗೆ ಒಂದೊಂದು ರೀಡೈರೆಕ್ಟ್ ಸೇರಿಸುತ್ತಾ ಹೋಗಿ.